ಗುರುತಿಲ್ಲದವರು ಮಾರುವ ತೋಟಾ: ಹಿತ್ತಾಳೆಯ ಹೊಳಪನ್ನು ಎಷ್ಟು ನಂಬಬಹುದು?

ಅಮೆರಿಕದ ಬಂದೂಕು ಮೇಳಗಳಲ್ಲಿ ದೊಡ್ಡ ಕಂಪನಿಗಳ ಮಳಿಗೆಗಳನ್ನು ದಾಟಿ ಹಿಂದಿನ ಸಾಲಿಗೆ ಹೋದರೆ ಮಡಚುವ ಮೇಜುಗಳು ಸಿಗುತ್ತವೆ. ಪ್ಲಾಸ್ಟಿಕ್ ಚೀಲಗಳಲ್ಲಿ, ಹಳೆಯ ಡಬ್ಬಿಗಳಲ್ಲಿ, ಯಾವುದೋ ಕಂಪನಿಯ ಹೆಸರಿರುವ ಸವೆದ ರಟ್ಟಿನ ಪೆಟ್ಟಿಗೆಗಳಲ್ಲಿ ತೋಟಾಗಳನ್ನು ಗುಡ್ಡೆ ಹಾಕಿರುತ್ತಾರೆ. ಬೆಲೆ ಅಂಗಡಿಗಿಂತ ಕಡಿಮೆ. 2013ರಲ್ಲಿ ಮತ್ತು 2020ರ ಕೊರೊನಾ ಕಾಲದಲ್ಲಿ ಆ ದೇಶದಲ್ಲಿ ತೋಟಾಗಳಿಗೆ ಬರ ಬಂದಾಗ ಇಂಥ ಮೇಜುಗಳ ಮುಂದೆ ಬೆಲೆಯನ್ನೂ ಕೇಳದೆ ಕೊಳ್ಳುವವರಿದ್ದರು. ಈಗ ಅಲ್ಲಿ ನೆಲೆಸಿರುವ ನಮ್ಮವರಲ್ಲೂ ವಾರಾಂತ್ಯದಲ್ಲಿ ಗುರಿ ಅಭ್ಯಾಸಕ್ಕೆ ಹೋಗುವವರಿದ್ದಾರೆ. ಮೇಜಿನ ಹಿಂದೆ ಕುಳಿತವನು ಮೋಸಗಾರನೇ ಆಗಿರಬೇಕಾಗಿಲ್ಲ. ಹೆಚ್ಚಿನವರು ಒಳ್ಳೆಯವರೇ. ತೊಂದರೆ ಎಂದರೆ, ತಾನು ಮಾರುತ್ತಿರುವ ವಸ್ತುವಿನ ಒಳಗೆ ಏನಿದೆ ಎಂಬುದು ಆ ಒಳ್ಳೆಯವನಿಗೂ ಗೊತ್ತಿರುವುದಿಲ್ಲ.

ತೋಟಾದಲ್ಲಿ ಮುಖ್ಯವಾಗಿ ಇರುವುದು ನಾಲ್ಕು ಭಾಗ. ಹೊರಗೆ ಹಿತ್ತಾಳೆಯ ಅಥವಾ ಪ್ಲಾಸ್ಟಿಕ್ಕಿನ ಕೊಳವೆ, ಅದರ ತಳದ ನಡುವೆ ಚಿಕ್ಕ ಕೇಪು, ಒಳಗೆ ಮದ್ದು, ಬಾಯಿಯಲ್ಲಿ ಗುಂಡು ಅಥವಾ ಚರೆ. ಕುದುರೆ (ಟ್ರಿಗರ್) ಎಳೆದಾಗ ಬಂದೂಕಿನ ಮೊಳೆ ಕೇಪಿಗೆ ಹೊಡೆಯುತ್ತದೆ, ಕೇಪಿನ ಕಿಡಿ ಮದ್ದಿಗೆ ತಗಲುತ್ತದೆ, ಮದ್ದು ಉರಿದು ಅನಿಲವಾಗಿ ಗುಂಡನ್ನು ತಳ್ಳುತ್ತದೆ. ಮದ್ದು ಸ್ಫೋಟಿಸುತ್ತದೆ ಎಂಬುದು ಸಾಮಾನ್ಯ ನಂಬಿಕೆ. ನಿಜವಾಗಿ ಅದು ಲೆಕ್ಕಾಚಾರದ ವೇಗದಲ್ಲಿ ಉರಿಯಬೇಕು. ಆ ಲೆಕ್ಕ ತಪ್ಪಿದಾಗಲೇ ಅನಾಹುತ.

ಲೆಕ್ಕ ಎಂದರೆ ಎಷ್ಟು? ಕಾರಿನ ಟಯರಿಗೆ ನಾವು ತುಂಬುವ ಗಾಳಿಯ ಒತ್ತಡ ಚದರ ಅಂಗುಲಕ್ಕೆ ಸುಮಾರು 33 ಪೌಂಡು. ಸಾಮಾನ್ಯ 9 ಎಂಎಂ ಪಿಸ್ತೂಲಿನ ತೋಟಾಕ್ಕೆ ಅಮೆರಿಕದ ಬಂದೂಕು ಮತ್ತು ತೋಟಾ ತಯಾರಕರ ಸಂಸ್ಥೆ ಸಾಮಿ ನಿಗದಿ ಮಾಡಿರುವ ಗರಿಷ್ಠ ಒತ್ತಡ 35,000 ಪೌಂಡು. ಅಂದರೆ ಟಯರಿನ ಸಾವಿರ ಪಟ್ಟು, ಅದೂ ಅಂಗೈಯೊಳಗೆ, ಮುಖದಿಂದ ಒಂದು ಮೊಳ ದೂರದಲ್ಲಿ. .223 ರೈಫಲ್ಲಿನಲ್ಲಿ ಇದು 55,000 ಪೌಂಡು. ನಮ್ಮ ಮಲೆನಾಡಿನ ಮನೆಗಳಲ್ಲಿ ಕಾಣುವ 12 ಬೋರ್ (ಬೋರ್ ಎಂದರೆ ನಳಿಗೆಯ ಅಗಲದ ಅಳತೆ) ಕೋವಿಯಲ್ಲಿ ಒತ್ತಡ ತೀರಾ ಕಡಿಮೆ, 11,500 ಪೌಂಡಿನ ಆಸುಪಾಸು. ಅದಕ್ಕೆ ತಕ್ಕಂತೆ ಅದರ ನಳಿಗೆಯ ಉಕ್ಕು ಕೂಡ ತೆಳು.

ಹಾರಿಸಿದ ಹಿತ್ತಾಳೆ ಕೊಳವೆಗೆ ಹೊಸ ಕೇಪು, ಮದ್ದು, ಗುಂಡು ತುಂಬಿ ಮತ್ತೆ ಬಳಸುವುದು ಅಮೆರಿಕದಲ್ಲಿ ದೊಡ್ಡ ಹವ್ಯಾಸ. ಎಚ್ಚರದಿಂದ ಮಾಡುವವರ ಕೈಯಲ್ಲಿ ಅದು ಕಾರ್ಖಾನೆಯ ಮಾಲಿಗಿಂತಲೂ ನಿಖರವಾಗಿರಬಹುದು. ಆದರೆ ಅಪರಿಚಿತರಿಂದ ಬರುವ ಅಪಾಯದ ಬಹುಪಾಲು ಹುಟ್ಟುವುದು ಇದೇ ಮರುತುಂಬಿದ ತೋಟಾಗಳಲ್ಲಿ. .38 ಸ್ಪೆಷಲ್ ರಿವಾಲ್ವರಿನ ತೋಟಾವನ್ನೇ ತೆಗೆದುಕೊಳ್ಳಿ. ಅದು 19ನೇ ಶತಮಾನದ ಕೊನೆಯಲ್ಲಿ ಹುಟ್ಟಿದ್ದು. ಹೊಗೆ ಕಾರುವ ಕಪ್ಪು ಮದ್ದು ಹೆಚ್ಚು ಜಾಗ ಬೇಡುತ್ತಿದ್ದ ಕಾಲದ ಅಳತೆ ಅದರ ಕೊಳವೆಗೆ ಹಾಗೆಯೇ ಉಳಿದುಕೊಂಡಿದೆ. ಇಂದಿನ ಹೊಗೆರಹಿತ ಮದ್ದು ಅಷ್ಟು ಜಾಗ ಕೇಳುವುದಿಲ್ಲ. ಗುರಿ ಅಭ್ಯಾಸಕ್ಕೆ ಹಾಕುವ ಕೆಲವು ಮದ್ದುಗಳು ಕೊಳವೆಯ ತಳದಲ್ಲಿ ಚಿಟಿಕೆಯಷ್ಟು ಕೂತು, ಮೇಲೆಲ್ಲ ಖಾಲಿ ಬಿಡುತ್ತವೆ. ತುಂಬುವವನು ಮೊಬೈಲ್ ನೋಡಿಕೊಂಡೋ ಮಾತಾಡಿಕೊಂಡೋ ಅದೇ ಕೊಳವೆಗೆ ಎರಡನೆಯ ಸಲ ಮದ್ದು ಸುರಿದರೂ ತುಳುಕುವುದಿಲ್ಲ. ಮೇಲೆ ಗುಂಡು ಕೂರಿಸಿದರೆ ಮುಗಿಯಿತು. ಚೀಲದಲ್ಲಿರುವ ಉಳಿದ ತೋಟಾಗಳ ನಡುವೆ ಅದನ್ನು ಗುರುತಿಸುವ ಕಣ್ಣು ಯಾರಿಗೂ ಇಲ್ಲ. ಹಾರಿಸಿದಾಗ ರಿವಾಲ್ವರಿನಲ್ಲಿ ತೋಟಾ ಕೂರುವ ಉರುಳೆ ಸೀಳಿ, ಮೇಲಿನ ಪಟ್ಟಿ ಹರಿದು ಹೋಗುವುದು ಹೀಗೆ.

ತೂಕ ಮಾಡಿ ನೋಡಬಹುದಲ್ಲ ಎಂದು ಕೇಳುವವರಿದ್ದಾರೆ. 9 ಎಂಎಂ ತೋಟಾ ಸುಮಾರು 12 ಗ್ರಾಂ ತೂಗುತ್ತದೆ. ಅದರಲ್ಲಿ ಮದ್ದು ಒಂದು ಗ್ರಾಮಿನ ಮೂರನೇ ಒಂದು ಭಾಗದಷ್ಟು. ಬೇರೆ ಬೇರೆ ಕಂಪನಿಗಳ ಖಾಲಿ ಕೊಳವೆಗಳ ತೂಕದಲ್ಲಿ ಇರುವ ವ್ಯತ್ಯಾಸವೇ ಹೆಚ್ಚುಕಡಿಮೆ ಅಷ್ಟಿರುತ್ತದೆ. ಬೆರಕೆ ಕೊಳವೆಗಳ ಚೀಲವನ್ನು ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿದರೂ ಎರಡು ಪಾಲು ಮದ್ದಿನ ತೋಟಾ ಭಾರವಾದ ಕೊಳವೆಯ ಮರೆಯಲ್ಲಿ ಪಾರಾಗಿಬಿಡುತ್ತದೆ. ಅಲುಗಾಡಿಸಿ ಸದ್ದು ಕೇಳುವುದಂತೂ ಬರೀ ಸಮಾಧಾನಕ್ಕೆ.

ಮದ್ದು ಹೆಚ್ಚಾದದ್ದಕ್ಕಿಂತ ಮದ್ದೇ ಇಲ್ಲದ ತೋಟಾ ಒಮ್ಮೊಮ್ಮೆ ಹೆಚ್ಚು ಕಪಟಿ. ಕೇಪಿನ ಬಲ ಒಂದರಿಂದಲೇ ಗುಂಡು ಹೊರಟು ನಳಿಗೆಯ ಮಧ್ಯದಲ್ಲಿ ಸಿಕ್ಕಿಕೊಳ್ಳುತ್ತದೆ. ಢಮಾರ್ ಎನ್ನಬೇಕಾದಲ್ಲಿ ಟುಪ್ ಎಂಬ ಸದ್ದು, ಹಿಂದಕ್ಕೆ ಒದೆತವಿಲ್ಲ, ಸ್ವಲ್ಪ ಹೊಗೆ. ಅಭ್ಯಾಸಬಲದಿಂದ ಬೆರಳು ಮತ್ತೊಮ್ಮೆ ಎಳೆಯುತ್ತದೆ. ಎರಡನೆಯ ಗುಂಡು ಮುಚ್ಚಿದ ನಳಿಗೆಯಲ್ಲಿ ಮೊದಲನೆಯದಕ್ಕೆ ಬಡಿಯುತ್ತದೆ. ಅದೃಷ್ಟ ಚೆನ್ನಾಗಿದ್ದರೆ ನಳಿಗೆಯ ಮೇಲೆ ಉಂಗುರದಂಥ ಉಬ್ಬು ಮಾತ್ರ ಮೂಡುತ್ತದೆ, ಇಲ್ಲದಿದ್ದರೆ ನಳಿಗೆ ಸೀಳುತ್ತದೆ. ಆದ್ದರಿಂದ ಸದ್ದು ವಿಚಿತ್ರವೆನಿಸಿದ ಕೂಡಲೇ ನಿಲ್ಲಿಸಿ, ತೋಟಾಗಳನ್ನೆಲ್ಲ ಹೊರತೆಗೆದು, ನಳಿಗೆ ತೆರವಾಗಿದೆಯೇ ಎಂದು ನೋಡುವವರೆಗೆ ಇನ್ನೊಂದು ಗುಂಡು ಹಾರಿಸಬಾರದು. ಕುದುರೆ ಎಳೆದಾಗ ಏನೂ ಆಗದಿದ್ದರೆ ಬಂದೂಕನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಬೇಕು. ಕೆಟ್ಟ ಕೇಪು ತಡವಾಗಿ ಹೊತ್ತಿಕೊಳ್ಳುವುದುಂಟು.

ತೋಟಾದ ತಳದಲ್ಲಿ ಅಚ್ಚೊತ್ತಿದ ಅಕ್ಷರಗಳಿವೆಯಲ್ಲ, ಕಂಪನಿ, ಅಳತೆ ಎಲ್ಲ ಅಲ್ಲಿಯೇ ಇದೆ ಎಂದು ನೆಮ್ಮದಿಯಿಂದ ಇರುವವರು ಬಹಳ. ಆ ಅಚ್ಚು ಕೊಳವೆಯ ಜನ್ಮಪತ್ರ ಮಾತ್ರ, ಆಮೇಲಿನ ಬದುಕಿನ ದಾಖಲೆ ಅಲ್ಲ. ಅಮೆರಿಕದಲ್ಲಿ ಜನಪ್ರಿಯವಾಗಿರುವ .300 ಬ್ಲ್ಯಾಕ್‌ಔಟ್ ಎಂಬ ತೋಟಾವನ್ನು ಮನೆಯಲ್ಲಿ ತುಂಬುವವರು .223ರ ಹಳೆಯ ಕೊಳವೆಯನ್ನು ಕತ್ತರಿಸಿ ಗಿಡ್ಡ ಮಾಡಿ ತಯಾರಿಸುತ್ತಾರೆ. ತಳದ ಮೇಲೆ .223 ಎಂದೇ ಉಳಿದಿರುತ್ತದೆ, ಬಾಯಿಯಲ್ಲಿ ಮಾತ್ರ ದಪ್ಪ ಗುಂಡು. ಎರಡೂ ಒಂದೇ ಮ್ಯಾಗಜಿನ್‌ನಲ್ಲಿ ಕೂರುತ್ತವೆ. ಇದು .223 ರೈಫಲ್ಲಿಗೆ ಹೋಗಿ, ಗುಂಡು ಒಳಕ್ಕೆ ಸರಿದು ರೈಫಲ್ಲಿನ ಹಿಂಬದಿ ಮುಚ್ಚಿಕೊಂಡರೆ, 7.8 ಮಿಲಿಮೀಟರಿನ ಗುಂಡು 5.7 ಮಿಲಿಮೀಟರಿನ ನಳಿಗೆಯಲ್ಲಿ ಹೊರಡಬೇಕಾಗುತ್ತದೆ. ರೈಫಲ್ಲು ಛಿದ್ರವಾದ ಪ್ರಕರಣಗಳು ಆಗಿವೆ. ಅಪರಿಚಿತನ ಚೀಲದಲ್ಲಿ ಎರಡೂ ಬೆರೆತಿದ್ದರೆ ತಳದ ಅಚ್ಚು ನಿಮಗೆ ಸುಳ್ಳನ್ನೇ ಹೇಳುತ್ತದೆ.

ಕೋವಿಗಳಲ್ಲಿಯೂ ಇಂಥದ್ದೇ ಒಂದು ಬಲೆ ಇದೆ. ಅಂಕಿ ದೊಡ್ಡದಾದರೂ 20 ಬೋರ್ ತೋಟಾ 12 ಬೋರಿಗಿಂತ ಸಣ್ಣದು. ಬೆರಕೆ ಚೀಲದಿಂದ ತೆಗೆದು 12 ಬೋರ್ ಕೋವಿಗೆ ಹಾಕಿದರೆ ಅದು ಒಳಕ್ಕೆ ಜಾರಿ, ಮುಂದೆ ನಳಿಗೆ ಕಿರಿದಾಗುವಲ್ಲಿ ಅಂಚು ಸಿಕ್ಕಿಕೊಂಡು ನಿಲ್ಲುತ್ತದೆ. ಹಿಂದಿನಿಂದ ನೋಡಿದವನಿಗೆ ಕೋವಿ ಖಾಲಿ ಇದ್ದಂತೆ. ಅವನು ಹಿಂದೆ 12 ಬೋರ್ ತೋಟಾ ಹಾಕಿ ಹಾರಿಸಿದರೆ ನಳಿಗೆ ಎಡಗೈ ಹಿಡಿದಿರುವ ಜಾಗದಲ್ಲೇ ಸಿಡಿಯುತ್ತದೆ. ಈ ಒಂದು ಕಾರಣಕ್ಕೆ ಅಮೆರಿಕದ ತಯಾರಕರು 20 ಬೋರ್ ತೋಟಾಗಳನ್ನು ಹಳದಿ ಬಣ್ಣಕ್ಕೆ ಮೀಸಲಿಟ್ಟರು. ಹಳೆಯ ಕಾಲದ ಕಾಗದದ ತೋಟಾಗಳಿಂದ ಆ ಶಿಸ್ತನ್ನು ನಿರೀಕ್ಷಿಸಲಾಗದು.

ಉದ್ದದ ವಿಷಯ ಇನ್ನೂ ಸೂಕ್ಷ್ಮ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಎರಡೂವರೆ ಅಂಗುಲದ, ಅಂದರೆ 65 ಮಿಲಿಮೀಟರಿನ ತೋಟಾಕ್ಕೆ ಮಾಡಿದವು ಬಹಳ. ಇಂದಿನ ತೋಟಾ 70 ಮಿಲಿಮೀಟರ್, ಕೆಲವು 76. ಆದರೆ ಪೆಟ್ಟಿಗೆಯ ಮೇಲಿನ ಆ ಅಂಕಿ ಹಾರಿಸಿದ ಮೇಲಿನ ಉದ್ದ. ಬಾಯಿ ಮಡಚಿದ ಹೊಸ ತೋಟಾ ಅದಕ್ಕಿಂತ ಗಿಡ್ಡ, ಹಾಗಾಗಿ ಹಳೆಯ ಕೋವಿಗೂ ಸಲೀಸಾಗಿ ಇಳಿಯುತ್ತದೆ. ಹಾರಿಸಿದಾಗ ಮಡಿಕೆ ಬಿಚ್ಚಿಕೊಳ್ಳಲು ಜಾಗ ಸಾಲದೆ ದಾರಿ ಕಿರಿದಾಗುತ್ತದೆ, ಒತ್ತಡ ಏರುತ್ತದೆ. ಉಕ್ಕು ಮತ್ತು ಕಬ್ಬಿಣದ ಪಟ್ಟಿಗಳನ್ನು ಹೆಣೆದು ಬೆಸೆದ, ಮೇಲೆ ಅಲೆಗಳಂತೆ ಚಿತ್ತಾರ ಕಾಣುವ ಡಮಾಸ್ಕಸ್ ನಳಿಗೆಯಾದರೆ ಕೇಳುವುದೇ ಬೇಡ. ಕಪ್ಪು ಮದ್ದಿನ ಕಾಲದ ಅಂಥ ಕೋವಿಗಳು ಗೋಡೆಯ ಮೇಲೆ ಚಂದ. ಹಾರಿಸಲೇಬೇಕೆಂದರೆ ಮೊದಲು ಬಲ್ಲ ಗನ್‌ಸ್ಮಿತ್‌ಗೆ ತೋರಿಸಬೇಕು.

ಇನ್ನು ಹಳತಾದ ಮದ್ದು. ಹೊಗೆರಹಿತ ಮದ್ದಿನ ತಿರುಳು ನೈಟ್ರೋಸೆಲ್ಯುಲೋಸ್. ಇದು ತಯಾರಾದ ದಿನದಿಂದಲೇ ನಿಧಾನವಾಗಿ ಕೊಳೆಯುತ್ತಾ ಆಮ್ಲೀಯ ಅನಿಲ ಬಿಡುತ್ತದೆ, ಆ ಆಮ್ಲವೇ ಕೊಳೆಯುವಿಕೆಯನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಡೈಫಿನೈಲ್‌ಅಮೀನ್‌ನಂಥ ರಾಸಾಯನಿಕವನ್ನು ಸೇರಿಸಿ ಆ ಆಮ್ಲವನ್ನು ಹೀರಿಕೊಳ್ಳುವಂತೆ ಮಾಡಿರುತ್ತಾರೆ. ಅದು ಖರ್ಚಾದ ಮೇಲೆ ತಡೆ ಇಲ್ಲ. ಫ್ರಾನ್ಸಿನ ನೌಕಾಪಡೆ ಈ ಪಾಠಕ್ಕೆ ತೆತ್ತ ಬೆಲೆ ದೊಡ್ಡದು. ಅದರ ಯುದ್ಧನೌಕೆ ಇಯೆನಾ 1907ರ ಮಾರ್ಚ್ 12ರಂದು, ಲಿಬೆರ್ತೆ 1911ರ ಸೆಪ್ಟೆಂಬರ್ 25ರಂದು, ಎರಡೂ ತುಲೋನ್ ಬಂದರಿನಲ್ಲೇ, ಶತ್ರುವಿನ ಸುಳಿವೂ ಇಲ್ಲದಿದ್ದಾಗ ಸಿಡಿದವು. ಮೊದಲನೆಯದರಲ್ಲಿ ನೂರಕ್ಕೂ ಹೆಚ್ಚು, ಎರಡನೆಯದರಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಹಳತಾಗಿ ಅಸ್ಥಿರವಾದ ಮದ್ದಿನ ಮೇಲೆ ದೋಷ ಬಂತು. ನಿಮ್ಮ ಒಂದು ಪೆಟ್ಟಿಗೆ ತೋಟಾ ಹೀಗೆ ತಾನಾಗಿ ಸಿಡಿಯುವುದಿಲ್ಲ, ಆ ಭಯ ಬೇಡ. ಅದು ಮಾಡುವ ಕೆಡುಕು ಬೇರೆ: ಒಳಗಿನಿಂದ ಹಿತ್ತಾಳೆಯನ್ನು ತಿನ್ನುತ್ತದೆ, ಉರಿಯುವ ವೇಗ ಏರುಪೇರಾಗುತ್ತದೆ. ತಂಪಾದ ಒಣ ಜಾಗದಲ್ಲಿ ಮುಚ್ಚಿಟ್ಟ 70 ವರ್ಷದ ಮಿಲಿಟರಿ ತೋಟಾ ಇವತ್ತಿಗೂ ಸರಿಯಾಗಿ ಹಾರುತ್ತದೆ. ಬೇಸಿಗೆಯಲ್ಲಿ ಕಾದ ತಗಡಿನ ಶೆಡ್ಡಿನಲ್ಲಿ ಹತ್ತು ವರ್ಷ ಬೆಂದದ್ದರ ಕಥೆ ಬೇರೆ. ಎಲ್ಲಿ ಇಟ್ಟಿದ್ದರು ಎಂಬ ಪ್ರಶ್ನೆಗೆ ಅಪರಿಚಿತ ಕೊಡುವ ಉತ್ತರವನ್ನು ಪರೀಕ್ಷಿಸಲು ನಿಮಗೆ ದಾರಿಯಿಲ್ಲ.

ಹಿತ್ತಾಳೆಯ ಬಗ್ಗೆ ಹೇಳುವಾಗ ನಮ್ಮ ದೇಶದ್ದೇ ಒಂದು ಪ್ರಸಂಗವಿದೆ. ಬ್ರಿಟಿಷ್ ಸೇನೆ ಇಲ್ಲಿ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆ ಮುಗಿದು ತೆಗೆದಾಗ ಕೊಳವೆಗಳಲ್ಲಿ ಬಿರುಕು. ಯಾರೂ ಮುಟ್ಟಿಲ್ಲ, ಹಾರಿಸಿಲ್ಲ, ಆದರೂ ಸೀಳು. ಕಾರಣವನ್ನು ವಿಜ್ಞಾನಿಗಳು ಬಿಡಿಸಿ ಹೇಳಿದ್ದು 1921ರಲ್ಲಿ. ಕುದುರೆಗಳ ಮೂತ್ರದಿಂದ ಏಳುವ ಅಮೋನಿಯಾ, ಕೊಳವೆ ಎಳೆಯುವಾಗ ಲೋಹದಲ್ಲಿ ಉಳಿದುಬಿಟ್ಟ ಬಿಗುವು, ಮತ್ತು ತೇವ, ಮೂರೂ ಸೇರಿದರೆ ಹಿತ್ತಾಳೆ ಸೀಳುತ್ತದೆ. ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ, ಯೂರಿಯಾ ಮೂಟೆಗಳ ಗೋದಾಮಿನಲ್ಲಿ ತೋಟಾ ಇಡಬಾರದು ಎಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ. ಅಮೋನಿಯಾ ಬೆರೆತ ಪಾಲಿಶ್ ಹಚ್ಚಿ ಹಳೆಯ ತೋಟಾಗಳನ್ನು ಫಳಫಳ ಹೊಳೆಯಿಸುವ ಮಾರಾಟಗಾರನೂ ಅದನ್ನೇ ಮಾಡುತ್ತಿರುತ್ತಾನೆ. ಗಿರಾಕಿಗೆ ಕಾಣುವುದು ಹೊಳಪು.

ಹಳೆಯ ಮಿಲಿಟರಿ ತೋಟಾಗಳ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುವುದು ಇನ್ನೊಂದು ಸಂಗತಿ. ಅದು ಉರಿದ ಮೇಲೆ ನಳಿಗೆಯೊಳಗೆ ಉಪ್ಪು ಕೂರುತ್ತದೆ, ಉಪ್ಪು ಗಾಳಿಯ ತೇವ ಎಳೆದುಕೊಂಡು ತುಕ್ಕು ಹಿಡಿಸುತ್ತದೆ. ಜೀವಕ್ಕೆ ಅಪಾಯವಿಲ್ಲ, ಬಂದೂಕಿಗೆ ಮಾತ್ರ. ಅದೇ ದಿನ ಬಿಸಿ ನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಹಚ್ಚಿದರೆ ಸರಿ. ಬರೀ ಎಣ್ಣೆಗೆ ಉಪ್ಪು ಕರಗುವುದಿಲ್ಲ.

ಇಷ್ಟು ಹೊತ್ತು ಹೇಳಿದ್ದೆಲ್ಲ ಅಜಾಗರೂಕತೆಯ ಫಲ. ಬೇಕೆಂದೇ ಮಾಡಿದ್ದೂ ಇದೆ, ಅದರ ಕಥೆಯಂತೂ ಪತ್ತೇದಾರಿ ಕಾದಂಬರಿಗೆ ಸಾಟಿ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ರಹಸ್ಯ ದಳವೊಂದು 'ಎಲ್ಡೆಸ್ಟ್ ಸನ್' ಎಂಬ ಹೆಸರಿನಲ್ಲಿ ಒಂದು ಯೋಜನೆ ನಡೆಸಿತು. ಎಕೆ-47ರ ತೋಟಾಗಳಲ್ಲಿ ಮದ್ದಿನ ಬದಲು ನೋಡಲು ಮದ್ದಿನಂತೆಯೇ ಇರುವ ಸ್ಫೋಟಕ ತುಂಬಿ, ಹೊರಗಿನಿಂದ ಏನೂ ಗೊತ್ತಾಗದಂತೆ ಮುಚ್ಚಿ, ಶತ್ರುವಿನ ದಾಸ್ತಾನಿನಲ್ಲಿ ಸೇರಿಸಿಬಿಡುತ್ತಿದ್ದರು. ಒಂದು ಪೆಟ್ಟಿಗೆಗೆ ಒಂದೇ ತೋಟಾ. ಹೆಚ್ಚು ಹಾಕಿದರೆ ಗುಟ್ಟು ರಟ್ಟಾಗುತ್ತದಲ್ಲ. 1969ರ ಹೊತ್ತಿಗೆ ಅದು ನಿಲ್ಲುವಷ್ಟರಲ್ಲಿ ಹೀಗೆ ಸೇರಿಸಿದ ರೈಫಲ್ ತೋಟಾಗಳು 11 ಸಾವಿರಕ್ಕೂ ಹೆಚ್ಚು. ಚೀನಾದ ಮಾಲು ಕಳಪೆ ಎಂದು ಶತ್ರು ಸೈನಿಕರು ನಂಬಲಿ ಎಂದು ಸುಳ್ಳು ದಾಖಲೆಗಳನ್ನೂ ಹರಡಿದರು. ಕೊನೆಗೆ ವಶಪಡಿಸಿಕೊಂಡ ಬಂದೂಕುಗಳನ್ನು ಬಳಸಬೇಡಿ ಎಂದು ತಮ್ಮ ಸೈನಿಕರಿಗೇ ಎಚ್ಚರಿಕೆ ಕೊಡಬೇಕಾಯಿತು. ಸಿರಿಯಾದ ಅಂತರ್ಯುದ್ಧದಲ್ಲೂ ಬಂಡುಕೋರರಿಗೆ ಕಾಳಸಂತೆಯ ಮೂಲಕ ಇಂಥ ತೋಟಾ ತಲುಪಿದ್ದನ್ನು 2012ರಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತು. ಊರಿನ ಗುರಿ ಅಭ್ಯಾಸಕ್ಕೆ ಹೋಗುವವನಿಗೆ ಇಂಥದ್ದು ಸಿಗುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ನಾನು ಇದನ್ನು ಹೇಳಿದ್ದು, ವೃತ್ತಿಪರ ಸೈನಿಕರು ಕೂಡ ಹೊರಗಿನಿಂದ ನೋಡಿ ಕಂಡುಹಿಡಿಯಲಾಗಲಿಲ್ಲ ಎಂಬ ಕಾರಣಕ್ಕೆ.

ಹಾಗಾದರೆ ಕಾರ್ಖಾನೆಯವರಿಗೆ ಹೇಗೆ ಗೊತ್ತು? ಅವರಿಗೂ ನೋಡಿ ಗೊತ್ತಾಗುವುದಿಲ್ಲ. ಅವರು ಹಾರಿಸಿ ನೋಡುತ್ತಾರೆ. ಒಂದೇ ಬಗೆಯ ಮದ್ದು, ಒಂದೇ ಬಗೆಯ ಕೇಪು ಬಳಸಿ ತಯಾರಿಸಿದ ಒಂದು ಲಾಟಿನಿಂದ ಮಾದರಿಗಳನ್ನು ತೆಗೆದು, ಒತ್ತಡ ಅಳೆಯುವ ನಳಿಗೆಯಲ್ಲಿ ಹಾರಿಸಿ, ಉಳಿದವುಗಳ ಬಗ್ಗೆ ನಿರ್ಧಾರಕ್ಕೆ ಬರುತ್ತಾರೆ. ಯುರೋಪಿನ ಹಲವು ದೇಶಗಳು ಸೇರಿರುವ ಸಿಐಪಿ ವ್ಯವಸ್ಥೆಯಲ್ಲಿ ಈ ತಪಾಸಣೆ ಕಡ್ಡಾಯ. ಪೆಟ್ಟಿಗೆಯ ಮಡಿಕೆಯ ಮೇಲೆ ಮುದ್ರಿಸಿದ ಲಾಟ್ ಸಂಖ್ಯೆಗೆ ಬೆಲೆ ಬರುವುದು ಇದರಿಂದ. ತಪ್ಪು ನಡೆದದ್ದು ಆಮೇಲೆ ತಿಳಿದರೂ ಕಂಪನಿ ಆ ಸಂಖ್ಯೆ ಹಿಡಿದು ಮಾಲನ್ನು ವಾಪಸು ಕರೆಸುತ್ತದೆ. ಚೀಲಕ್ಕೆ ಸುರಿದ ತೋಟಾಗಳಿಗೆ ಆ ಸಂಖ್ಯೆ ಇಲ್ಲ. ಅಂಗಡಿಗಿಂತ ಕಡಿಮೆ ಕೊಡುವಾಗ ನೀವು ಉಳಿಸುವ ಹಣ ಬಹುಪಾಲು ಈ ಜಾಡಿನ ಬೆಲೆ.

ಅಮೆರಿಕದಲ್ಲಿ ತೋಟಾ ತಯಾರಿಸಿ ಮಾರುವ ವ್ಯವಹಾರಕ್ಕೆ ಫೆಡರಲ್ ಲೈಸೆನ್ಸ್ ಬೇಕು. ಆದರೆ ಒಬ್ಬ ವ್ಯಕ್ತಿ ತನ್ನಲ್ಲಿರುವ ಹಳೆಯದನ್ನು ಇನ್ನೊಬ್ಬನಿಗೆ ಕೊಡುವುದನ್ನು ಬಹುತೇಕ ರಾಜ್ಯಗಳು ತಡೆಯುವುದಿಲ್ಲ. ಅಲ್ಲಿ ಕೊಳ್ಳುವವರು ಕನಿಷ್ಠ ಇಷ್ಟು ನೋಡಬಹುದು: ಒಂದೇ ಪೆಟ್ಟಿಗೆಯಲ್ಲಿ ಬೇರೆ ಬೇರೆ ಕಂಪನಿಗಳ ಅಚ್ಚು, ತಳದ ಅಂಚಿನಲ್ಲಿ ಎಳೆದ ಗೀರುಗಳು, ಕೇಪಿನ ಬಣ್ಣದಲ್ಲಿ ವ್ಯತ್ಯಾಸ, ಇವೆಲ್ಲ ಮರುತುಂಬಿದ್ದರ ಗುರುತು. ಹಸಿರು ಕಿಲುಬು, ಕುತ್ತಿಗೆಯ ಬಿರುಕು, ಒಳಕ್ಕೆ ಕುಸಿದ ಗುಂಡು, ಮೇಲಕ್ಕೆ ಎದ್ದ ಕೇಪು ಕಂಡರೆ ಕೈಬಿಡಬೇಕು. ಗುರುತುಗಳೇನೂ ಇಲ್ಲ ಎಂದಾಕ್ಷಣ ಸುರಕ್ಷಿತ ಎಂದಾಗುವುದಿಲ್ಲ. ಮರುತುಂಬಿದ್ದನ್ನು ಬಳಸಲೇಬೇಕಿದ್ದರೆ ಸ್ವತಃ ತುಂಬಿದ್ದು, ಇಲ್ಲವೇ ಲೈಸೆನ್ಸ್ ಇರುವ ತಯಾರಕರದ್ದು ಮಾತ್ರ. ಮರುತುಂಬಿದ ತೋಟಾದಿಂದ ಹಾಳಾದ ಬಂದೂಕಿಗೆ ಹೆಚ್ಚಿನ ಕಂಪನಿಗಳು ವಾರಂಟಿ ಕೊಡುವುದಿಲ್ಲ ಎಂಬುದೂ ನೆನಪಿರಲಿ.

ಭಾರತದಲ್ಲಿ ಪ್ರಶ್ನೆಯೇ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ತೋಟಾ ಹೊಂದಲು, 5ನೇ ಸೆಕ್ಷನ್ ಪ್ರಕಾರ ತಯಾರಿಸಲು ಮತ್ತು ಮಾರಲು ಲೈಸೆನ್ಸ್ ಬೇಕು. ಬಂದೂಕಿನ ಲೈಸೆನ್ಸ್ ಇದ್ದವರೂ ಲೈಸೆನ್ಸ್ ಪಡೆದ ವ್ಯಾಪಾರಿಯಿಂದ, ತಮ್ಮ ಬೋರಿನದ್ದನ್ನು, ತಮ್ಮ ಮಿತಿಯೊಳಗೆ ಕೊಳ್ಳಬೇಕು. ಖರೀದಿ ಲೈಸೆನ್ಸಿನಲ್ಲಿ ದಾಖಲಾಗುತ್ತದೆ. 2019ರ ತಿದ್ದುಪಡಿ ಅಕ್ರಮ ತಯಾರಿಕೆ ಮತ್ತು ಮಾರಾಟಕ್ಕೆ ಕನಿಷ್ಠ ಏಳು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ಇಟ್ಟಿದೆ. 9 ಎಂಎಂ ನಮ್ಮಲ್ಲಿ ಸಾಮಾನ್ಯರಿಗೆ ನಿಷೇಧಿತ ಬೋರ್. ಅದನ್ನು ಯಾರಾದರೂ ಗುಟ್ಟಾಗಿ ಮಾರಲು ಬಂದರೆ ಅದರ ಮೂಲ ಹೇಗಿರಬಹುದು ಎಂದು ಊಹಿಸುವುದು ಕಷ್ಟವಲ್ಲ.

ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಭೂಮಿ) ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ, ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ, ಮಗು ಹುಟ್ಟಿದಾಗ ಒಂದು ಗುಂಡು, ಸಾವಿನಲ್ಲಿ ಎರಡು ಎಂಬುದು ಅಲ್ಲಿನ ಬದುಕಿನ ಭಾಗ. ಆದರೆ ವಿನಾಯಿತಿ ಕೋವಿ ಹೊಂದುವವರಿಗೆ. ತೋಟಾ ಮಾರುವವನಿಗೆ ಲೈಸೆನ್ಸ್ ಇರಲೇಬೇಕೆಂಬ ನಿಯಮ ಮಡಿಕೇರಿಯಲ್ಲೂ ಬದಲಾಗುವುದಿಲ್ಲ, ಒತ್ತಡದ ಲೆಕ್ಕವಂತೂ ಎಲ್ಲಿಯೂ ಬದಲಾಗುವುದಿಲ್ಲ. ಮೂರು ನಾಲ್ಕು ತಿಂಗಳು ಬಿಡದೆ ಸುರಿಯುವ ಊರಿನಲ್ಲಿ ಹಳೆಯ ಕಾಗದದ ತೋಟಾ ತೇವಕ್ಕೆ ಊದಿಕೊಳ್ಳುತ್ತದೆ. ಅದನ್ನು ಒಲೆಯ ಮೇಲಿನ ಅಟ್ಟದಲ್ಲೋ ಬಿಸಿಲಿನಲ್ಲೋ ಒಣಗಿಸಿ ಬಳಸುವುದು ಬೇಡ. ಬಿಸಿ ಏರಿದಷ್ಟೂ ಮದ್ದು ಬೇಗ ಕೊಳೆಯುತ್ತದೆ. ಗಾಳಿಯಾಡದ ಡಬ್ಬಿ, ತೇವ ಹೀರುವ ಸಿಲಿಕಾ ಪೊಟ್ಟಣ, ತಂಪಾದ ಕಪಾಟು, ಕೀಲಿ ಮಕ್ಕಳ ಕೈಗೆ ಸಿಗದಂತೆ. ಇಷ್ಟು ಸಾಕು.

ನಮ್ಮ ಕಡೆ ಗುರುತಿಲ್ಲದ ತೋಟಾ ಹೆಚ್ಚಾಗಿ ಕಾಣಿಸಿಕೊಳ್ಳುವುದು ಹಿರಿಯರು ತೀರಿಕೊಂಡ ಮೇಲೆ, ಅಟ್ಟದ ಟ್ರಂಕಿನಲ್ಲಿ. ಸುಡಬಾರದು, ಕೆರೆಗೆ ಎಸೆಯಬಾರದು, ಬಿಚ್ಚಿ ನೋಡಬಾರದು, ಪಕ್ಕದ ಮನೆಯವರ ಕೋವಿಗೆ ಹೊಂದುತ್ತದೆಯೇ ಎಂದು ಪರೀಕ್ಷಿಸಬಾರದು. ಕಾಯ್ದೆಯ 21ನೇ ಸೆಕ್ಷನ್ ಇಂಥ ಸಂದರ್ಭಕ್ಕೆಂದೇ ಇದೆ: ಇಟ್ಟುಕೊಳ್ಳುವ ಹಕ್ಕು ಇಲ್ಲವಾದಾಗ ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ವ್ಯಾಪಾರಿಯ ಬಳಿಯೋ ಠೇವಣಿ ಇಡಬೇಕು. ತೀರಿಕೊಂಡವರ ಲೈಸೆನ್ಸ್ ಪುಸ್ತಕ ಸಿಕ್ಕರೆ ಜೊತೆಗೆ ಒಯ್ಯಿರಿ. ತೋಟಾಗಳನ್ನು ಜೇಬಿನಲ್ಲಿ ತುಂಬಿಕೊಂಡು ಹೋಗುವ ಬದಲು ಮೊದಲು ಠಾಣೆಗೆ ಫೋನ್ ಮಾಡಿ ಹೇಗೆ ತರಬೇಕೆಂದು ಕೇಳುವುದು ಲೇಸು. ಕೊಟ್ಟು ಬರುವಾಗ ಎಷ್ಟು, ಯಾವ ಬೋರ್ ಎಂದು ಬರೆಸಿದ ರಶೀದಿ ತೆಗೆದುಕೊಳ್ಳಿ. ಬಾಯಿಮಾತಿನಲ್ಲಿ ಕೊಟ್ಟುಬಂದವರು ಆಮೇಲೆ ಲೆಕ್ಕ ಒಪ್ಪಿಸಲು ಪರದಾಡುತ್ತಾರೆ.